ತರಗತಿಯ ಗಾಳಿ ಮತ್ತು ಉಪಾಧ್ಯಾಯರ ಸಂಘ

2020ನೆಯ ಇಸವಿಯ ಬೇಸಗೆಯ ಕೊನೆಯಲ್ಲಿ ನ್ಯೂಯಾರ್ಕ್ ನಗರದ ಶಾಲೆಗಳಲ್ಲಿ ಒಂದು ವಿಚಿತ್ರವಾದ ಪರೀಕ್ಷೆ ನಡೆಯಿತು. ಪರೀಕ್ಷೆ ವಿದ್ಯಾರ್ಥಿಗಳಿಗಲ್ಲ, ಕೊಠಡಿಗಳಿಗೆ. ನಗರಾಡಳಿತದ ಪರಿವೀಕ್ಷಕರು ಉದ್ದನೆಯ ಒಂದು ಕೋಲಿನ ತುದಿಗೆ ತೆಳುವಾದ ಕಾಗದದ ಚೂರೊಂದನ್ನು, ಶೌಚಾಲಯದಲ್ಲಿ ಬಳಸುವ ಕಾಗದವನ್ನೇ, ಸಿಕ್ಕಿಸಿ ಗೋಡೆಯ ಮೇಲುಭಾಗದ ಗಾಳಿಕಿಂಡಿಯ ಬಳಿಗೆ ಹಿಡಿಯುತ್ತಿದ್ದರು. ಕಾಗದ ಅಲುಗಾಡಿದರೆ ಗಾಳಿ ಹರಿಯುತ್ತಿದೆಯೆಂದು ಅರ್ಥ. ಅಲುಗಾಡದಿದ್ದರೆ ಆ ಕಿಂಡಿ ಕೆಟ್ಟಿದೆಯೆಂದು ಅರ್ಥ.

ಆ ಕೋಲು ಕಾಗದಗಳ ಚಿತ್ರ ಬಹುಬೇಗ ಎಲ್ಲೆಡೆಯೂ ಹರಡಿತು. ಉಪಾಧ್ಯಾಯರು ಮೊದಲು ನಕ್ಕರು, ಆಮೇಲೆ ಸಿಟ್ಟಾದರು. ಆದರೆ ನಗುವುದಕ್ಕೆ ಮೊದಲು ನಾವು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಕಾಗದ ಅಲುಗಾಡಿದುದರಿಂದ ತಿಳಿದದ್ದೇನು? ತಿಳಿಯದೆ ಉಳಿದದ್ದೇನು? ಸಾಂಕ್ರಾಮಿಕ ರೋಗದ ನಡುವೆ ಶಾಲೆಗಳನ್ನು ತೆರೆಯಬೇಕೆ ಬೇಡವೆ ಎಂಬ ವಿವಾದ ಅಮೆರಿಕದಲ್ಲಿ ಉಪಾಧ್ಯಾಯರ ಸಂಘಗಳಿಗೂ ನಗರಾಡಳಿತಗಳಿಗೂ ನಡುವೆ ಎರಡು ವರ್ಷ ನಡೆಯಿತು. ಹೊರನೋಟಕ್ಕೆ ಅದು ರಾಜಕೀಯದ ಜಗಳ. ಆದರೆ ಅದರ ತಿರುಳಿನಲ್ಲಿ ಹೈಸ್ಕೂಲಿನ ವಿದ್ಯಾರ್ಥಿಯೂ ಲೆಕ್ಕ ಹಾಕಬಹುದಾದ ಒಂದು ಭೌತವಿಜ್ಞಾನದ ಪ್ರಶ್ನೆ ಅಡಗಿತ್ತು: ಒಂದು ಕೊಠಡಿಯ ಗಾಳಿ ಗಂಟೆಗೆ ಎಷ್ಟು ಸಲ ಬದಲಾಗುತ್ತದೆ? ಆ ಪ್ರಶ್ನೆಯನ್ನು ಕೇಳಿದವರು ಯಾರು, ಅದಕ್ಕೆ ಉತ್ತರ ದೊರೆತದ್ದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಸಂಘದ ಬೇಡಿಕೆ

ನ್ಯೂಯಾರ್ಕಿನ ಶಾಲೆಗಳು 2020ರ ಮಾರ್ಚ್ 16ರಂದು ಮುಚ್ಚಿದುವು. ಮೇ ತಿಂಗಳ ಹೊತ್ತಿಗೆ ನಗರದ ಶಿಕ್ಷಣ ಇಲಾಖೆಯ ನೌಕರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಕೊರೋನಾ ರೋಗದಿಂದ ಮೃತರಾಗಿದ್ದರು. ಅವರಲ್ಲಿ ಉಪಾಧ್ಯಾಯರೂ ಸಹಾಯಕರೂ ಬಹುಮಂದಿ ಇದ್ದರು. ಹೀಗಿರಲು ಮೇಯರ್ ಬಿಲ್ ಡಿ ಬ್ಲಾಸಿಯೋ ಅವರು ಸೆಪ್ಟೆಂಬರ್ 10ರಂದು ಶಾಲೆಗಳನ್ನು ತೆರೆಯುವುದಾಗಿ ಸಾರಿದರು. ಮಕ್ಕಳು ವಾರದಲ್ಲಿ ಕೆಲವು ದಿನ ಶಾಲೆಗೆ ಬರುವುದು, ಉಳಿದ ದಿನ ಮನೆಯಿಂದಲೇ ಪಾಠ ಕೇಳುವುದು ಎಂದು ಏರ್ಪಾಡಾಯಿತು.

ನಗರದ ಉಪಾಧ್ಯಾಯರ ಸಂಘವಾದ ‘ಯುನೈಟೆಡ್ ಫೆಡರೇಷನ್ ಆಫ್ ಟೀಚರ್ಸ್’ 1960ರಲ್ಲಿ ಹುಟ್ಟಿದುದು. ಅದರ ಅಧ್ಯಕ್ಷ ಮೈಕೇಲ್ ಮಲ್‌ಗ್ರೂ ಅವರು ಐವತ್ತು ಅಂಶಗಳ ಒಂದು ತಪಶೀಲು ಪಟ್ಟಿಯನ್ನು ಮುಂದಿಟ್ಟು, ಈ ಅಂಶಗಳಲ್ಲಿ ತೇರ್ಗಡೆಯಾಗದ ಕಟ್ಟಡಕ್ಕೆ ತಮ್ಮ ಸದಸ್ಯರು ಕಾಲಿಡುವುದಿಲ್ಲವೆಂದರು. ನ್ಯೂಯಾರ್ಕ್ ಸಂಸ್ಥಾನದಲ್ಲಿ 1967ರ ‘ಟೇಲರ್ ಕಾನೂನು’ ಸರಕಾರಿ ನೌಕರರ ಮುಷ್ಕರವನ್ನು ನಿಷೇಧಿಸಿದೆ. ಒಂದು ದಿನ ಮುಷ್ಕರ ಹೂಡಿದವನು ಎರಡು ದಿನದ ಸಂಬಳವನ್ನು ಕಳೆದುಕೊಳ್ಳುತ್ತಾನೆ. ಆದರೂ ಸಂಘ ಮುಷ್ಕರದ ಸಿದ್ಧತೆಯನ್ನು ನಡೆಸಿತು. ಪಟ್ಟಿಯಲ್ಲಿ ಮಾಸ್ಕು, ಸೋಪು, ದಾದಿಯರು, ರೋಗಪರೀಕ್ಷೆ ಮೊದಲಾದ ಹಲವು ಸಂಗತಿಗಳಿದ್ದುವು. ಅವುಗಳ ನಡುವೆ ಇದ್ದುದು ಗಾಳಿಯ ವಿಷಯ.

ಗಾಳಿಯ ವಿಷಯ ಅಲ್ಲಿ ಸೇರಿದ್ದು ಸಣ್ಣ ಮಾತಲ್ಲ. ಅದೇ ವರ್ಷದ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆಯು ಈ ರೋಗ ಗಾಳಿಯಲ್ಲಿ ತೇಲಿ ಬರುವಂಥದಲ್ಲವೆಂದು ಸಾರ್ವಜನಿಕವಾಗಿ ಸಾರಿತ್ತು. ಜುಲೈ ತಿಂಗಳಲ್ಲಿ ಲಿಡಿಯಾ ಮೊರಾವ್ಸ್ಕಾ ಮತ್ತು ಡೊನಾಲ್ಡ್ ಮಿಲ್ಟನ್ ಎಂಬಿಬ್ಬರು ವಿಜ್ಞಾನಿಗಳು ಬರೆದ ಬಹಿರಂಗ ಪತ್ರಕ್ಕೆ 239 ವಿಜ್ಞಾನಿಗಳ ಬೆಂಬಲ ದೊರೆತು, ಗಾಳಿಯ ಮೂಲಕ ಹರಡುವಿಕೆಯನ್ನು ಒಪ್ಪಬೇಕೆಂದು ಒತ್ತಾಯ ಬಂದಿತು. ಅಮೆರಿಕದ ರೋಗನಿಯಂತ್ರಣ ಕೇಂದ್ರವು ಉಸಿರಿನೊಡನೆ ಒಳಸೇರುವ ಸೂಕ್ಷ್ಮ ಕಣಗಳಿಗೆ ಮೊದಲ ಸ್ಥಾನವನ್ನು ಕೊಟ್ಟದ್ದು 2021ರ ಮೇ ತಿಂಗಳಲ್ಲಿ. ಎಂದಮೇಲೆ ಕಿಟಕಿ ತೆರೆಯುವುದೇ, ಪಂಖ ತಿರುಗುವುದೇ ಎಂದು ಉಪಾಧ್ಯಾಯರು ಕೇಳುತ್ತಿದ್ದ ಕಾಲದಲ್ಲಿ ಶಾಸ್ತ್ರಜ್ಞರಲ್ಲಿಯೇ ವಾದ ಮುಗಿದಿರಲಿಲ್ಲ.

ಹನಿ ಬೀಳುವುದೆ, ತೇಲುವುದೆ?

ನಾವು ಮಾತನಾಡುವಾಗ, ಹಾಡುವಾಗ, ಕೆಮ್ಮುವಾಗ ಬಾಯಿಂದ ಬೇರೆಬೇರೆ ಗಾತ್ರದ ಹನಿಗಳು ಹೊರಡುತ್ತವೆ. ಹನಿಯ ಗಾತ್ರವನ್ನು ಮೈಕ್ರಾನಿನಲ್ಲಿ ಅಳೆಯುವುದು ವಾಡಿಕೆ. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ನೂರು ಮೈಕ್ರಾನಿನ ಹನಿ ಸೆಕೆಂಡಿಗೆ ಸುಮಾರು 25 ಸೆಂಟಿಮೀಟರಿನಂತೆ ಇಳಿದು, ಆರು ಸೆಕೆಂಡುಗಳಲ್ಲಿ ನೆಲ ಸೇರುತ್ತದೆ. ಅಂತಹ ಹನಿಗಳಿಂದಷ್ಟೇ ರೋಗ ಹರಡುವುದಾದರೆ ಎರಡು ಮೀಟರು ದೂರ ನಿಂತರೆ ಸಾಕು. ಆದರೆ ಗಾತ್ರ ಇಳಿದಂತೆ ಬೀಳುವ ವೇಗ ಗಾತ್ರದ ವರ್ಗಕ್ಕೆ ಅನುಸಾರವಾಗಿ ಇಳಿಯುತ್ತದೆ. ಸ್ಟೋಕ್ಸನ ಸೂತ್ರವನ್ನು ಬಲ್ಲ ಕಾಲೇಜು ವಿದ್ಯಾರ್ಥಿ ಇದನ್ನು ತಾನೇ ಲೆಕ್ಕ ಮಾಡಿ ನೋಡಬಹುದು. ಐದು ಮೈಕ್ರಾನಿನ ಕಣ ಸೆಕೆಂಡಿಗೆ ಮುಕ್ಕಾಲು ಮಿಲಿಮೀಟರಿನಂತೆ ಇಳಿಯುತ್ತದೆ. ಒಂದೂವರೆ ಮೀಟರು ಇಳಿಯಲು ಅರ್ಧ ಗಂಟೆಗಿಂತ ಹೆಚ್ಚು ಬೇಕು. ಒಂದು ಮೈಕ್ರಾನಿನ ಕಣಕ್ಕೆ ಹದಿಮೂರು ಹದಿನಾಲ್ಕು ಗಂಟೆಗಳೇ ಬೇಕಾಗುವುವು. ಇದು ನಿಶ್ಚಲವಾದ ಗಾಳಿಯ ಲೆಕ್ಕ. ಜನರು ಓಡಾಡುವ ಕೊಠಡಿಯಲ್ಲಿ ಗಾಳಿ ಸೆಕೆಂಡಿಗೆ ಹತ್ತು ಸೆಂಟಿಮೀಟರಿನಷ್ಟಾದರೂ ಅತ್ತಿತ್ತ ಚಲಿಸುತ್ತಿರುವುದರಿಂದ, ಇಂತಹ ಕಣ ಬೀಳುವುದಕ್ಕೆ ಬದಲು ಹೊಗೆಯಂತೆ ಕೊಠಡಿಯನ್ನೆಲ್ಲ ತುಂಬಿಕೊಳ್ಳುತ್ತದೆ. ಕೊರೋನಾ ವೈರಸ್ಸಿನ ಅಡ್ಡಳತೆ ಸುಮಾರು 0.1 ಮೈಕ್ರಾನು. ಒಂದು ಮೈಕ್ರಾನಿನ ಹನಿಯೊಳಗೆ ಅದಕ್ಕೆ ಬೇಕಾದಷ್ಟು ಸ್ಥಳವುಂಟು.

ಇದು ಹೊಸ ಜ್ಞಾನವಲ್ಲ. ವಿಲಿಯಂ ವೆಲ್ಸ್ ಎಂಬ ವಿಜ್ಞಾನಿ 1934ರಲ್ಲಿಯೇ ಹನಿ ನೆಲ ಮುಟ್ಟುವ ಮೊದಲು ಆರಿಹೋಗಿ ತೇಲುವ ತಿರುಳಾಗುವುದೆಂದು ತೋರಿಸಿದನು. ಅವನೂ ಅವನ ಪತ್ನಿ, ವೈದ್ಯೆ ಮಿಲ್ಡ್ರೆಡ್ ವೆಲ್ಸರೂ ಫಿಲಡೆಲ್ಫಿಯ ನಗರದ ಆಸುಪಾಸಿನ ಶಾಲೆಗಳ ಕೊಠಡಿಗಳಲ್ಲಿ, ಮಕ್ಕಳ ತಲೆಯ ಮೇಲಿನ ಗಾಳಿಗೆ ಮಾತ್ರ ಬೀಳುವಂತೆ ಅತಿನೇರಿಳೆ ದೀಪಗಳನ್ನು ಹಾಕಿಸಿದರು. 1941ರಲ್ಲಿ ದಡಾರ ಹಬ್ಬಿದಾಗ ದೀಪವಿದ್ದ ತರಗತಿಗಳಲ್ಲಿ ರೋಗ ಗಣನೀಯವಾಗಿ ಕಡಿಮೆಯಾಗಿತ್ತು. ಆದರೆ ಬೇರೆ ಊರುಗಳಲ್ಲಿ ಇದೇ ಪ್ರಯೋಗವನ್ನು ಮಾಡಿದಾಗ ಅಷ್ಟು ಒಳ್ಳೆಯ ಫಲ ಸಿಗಲಿಲ್ಲ. ಮಕ್ಕಳು ಶಾಲೆಯ ಬಸ್ಸಿನಲ್ಲಿ ಒತ್ತೊತ್ತಾಗಿ ಕುಳಿತು ಬರುವಾಗ ತರಗತಿಯ ದೀಪ ಏನು ಮಾಡೀತು? ವೈದ್ಯರ ಆಸಕ್ತಿ ಆರಿತು; ವೆಲ್ಸನ ವಿಚಾರ ಬಹುಮಟ್ಟಿಗೆ ಮೂಲೆಗೆ ಸೇರಿತು.

1974ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರ್ ಪಟ್ಟಣದ ಸಮೀಪದ ಒಂದು ಪ್ರಾಥಮಿಕ ಶಾಲೆ ಅದನ್ನು ಮತ್ತೆ ಹೊರಕ್ಕೆ ತಂದಿತು. ಎರಡನೆಯ ತರಗತಿಯ ಒಬ್ಬ ಬಾಲಕಿಗೆ ದಡಾರ ಬಂದಿತ್ತು. ಅವಳಿಂದ 28 ಮಕ್ಕಳಿಗೆ ರೋಗ ತಗುಲಿತು. ಆ 28 ಮಂದಿ ಕುಳಿತುಕೊಳ್ಳುತ್ತಿದ್ದುದು 14 ಬೇರೆಬೇರೆ ಕೊಠಡಿಗಳಲ್ಲಿ! ಅವರಲ್ಲಿ ಬಹುಮಂದಿ ಅವಳೊಡನೆ ಒಂದೇ ಕೊಠಡಿಯಲ್ಲಿ ಕುಳಿತವರೇ ಅಲ್ಲ. ಆದರೆ ಕಟ್ಟಡದ ವಾಯುಸಂಚಾರ ಯಂತ್ರ ಒಂದು ಕೊಠಡಿಯ ಗಾಳಿಯನ್ನು ಎಳೆದು ಉಳಿದ ಕೊಠಡಿಗಳಿಗೆ ಹಂಚುತ್ತಿತ್ತು. ವೆಲ್ಸನ ಶಿಷ್ಯ ರಿಚರ್ಡ್ ರೈಲಿಯೂ ಅವನ ಸಂಗಡಿಗರೂ ಈ ಘಟನೆಯನ್ನು ಗಣಿತಕ್ಕೆ ಇಳಿಸಿ 1978ರಲ್ಲಿ ಪ್ರಕಟಿಸಿದ ಸಮೀಕರಣಕ್ಕೆ ಇಂದು ವೆಲ್ಸ್-ರೈಲಿ ಸಮೀಕರಣವೆಂಬ ಹೆಸರಿದೆ.

ಒಂದು ಕೊಠಡಿಯ ಲೆಕ್ಕ

ಈಗ ನಮ್ಮದೇ ಒಂದು ಕೊಠಡಿಯನ್ನು ಕಲ್ಪಿಸಿಕೊಳ್ಳೋಣ. ಉದ್ದ 9 ಮೀಟರು, ಅಗಲ 7 ಮೀಟರು, ಎತ್ತರ 3 ಮೀಟರು; ಒಳಗಿನ ಗಾಳಿ 189 ಘನ ಮೀಟರು. ಅದರಲ್ಲಿ ಮೂವತ್ತು ಮಂದಿ ಕುಳಿತಿದ್ದಾರೆ. ಕುಳಿತಿರುವ ಬಾಲಕ ಗಂಟೆಗೆ ಸುಮಾರು 15 ಲೀಟರು ಕಾರ್ಬನ್ ಡೈ ಆಕ್ಸೈಡನ್ನು ಬಿಡುತ್ತಾನೆ. ಮೂವತ್ತು ಮಂದಿಯಿಂದ 450 ಲೀಟರು. ಗಂಟೆಗೆ ಒಂದೇ ಸಲ ಕೊಠಡಿಯ ಗಾತ್ರದಷ್ಟು ಹೊರಗಾಳಿ ಒಳಬಂದರೆ, ಈ 450 ಲೀಟರು 189 ಘನ ಮೀಟರಿನಲ್ಲಿ ಬೆರೆತು ದಶಲಕ್ಷಕ್ಕೆ ಸುಮಾರು 2,380 ಪಾಲಾಗುವುದು. ಹೊರಗಾಳಿಯಲ್ಲಿಯೇ ಇರುವ 420 ಪಾಲನ್ನು ಕೂಡಿಸಿದರೆ 2,800. ಗಂಟೆಗೆ ಮೂರು ಸಲ ಗಾಳಿ ಬದಲಾದರೆ ಈ ಅಂಕಿ 1,200ಕ್ಕೆ ಇಳಿಯುವುದು. ಆರು ಸಲವಾದರೆ 820ರ ಹತ್ತಿರ ಬರುವುದು.

ಕಾರ್ಬನ್ ಡೈ ಆಕ್ಸೈಡಿಗೂ ರೋಗಕ್ಕೂ ಏನು ಸಂಬಂಧ? ಈ ಪ್ರಮಾಣದ ಅನಿಲ ತಾನಾಗಿ ಯಾರಿಗೂ ರೋಗ ತರುವುದಿಲ್ಲ. ಅದು ಲೆಕ್ಕ ಹೇಳುವ ಸಾಕ್ಷಿ ಮಾತ್ರ. ನಮ್ಮ ನಿಶ್ವಾಸದಲ್ಲಿ ಅದರ ಪ್ರಮಾಣ ಶೇಕಡಾ 4, ಎಂದರೆ ದಶಲಕ್ಷಕ್ಕೆ 40,000 ಪಾಲು. ಕೊಠಡಿಯಲ್ಲಿ 1,200 ಪಾಲಿದ್ದರೆ ಹೊರಗಾಳಿಗಿಂತ ಹೆಚ್ಚಾಗಿರುವುದು 780 ಪಾಲು. 780ನ್ನು 40,000ದಿಂದ ಭಾಗಿಸಿದರೆ ಸುಮಾರು ಶೇಕಡಾ 2. ಎಂದರೆ ನಾವು ಎಳೆದುಕೊಳ್ಳುವ ಗಾಳಿಯಲ್ಲಿ ಐವತ್ತರ ಒಂದು ಪಾಲು ಆ ಕೊಠಡಿಯಲ್ಲಿ ಯಾರೋ ಆಗಲೇ ಉಸಿರಾಡಿ ಬಿಟ್ಟದ್ದು. 2,800 ಇದ್ದಲ್ಲಿ ಅದು ಶೇಕಡಾ 6ರ ಹತ್ತಿರ. ಎಂಜಲು ತಟ್ಟೆಯಲ್ಲಿ ಊಟ ಮಾಡಲು ಒಪ್ಪದ ನಾವು ಎಂಜಲು ಗಾಳಿಯ ವಿಷಯದಲ್ಲಿ ಇಷ್ಟು ಉದಾರಿಗಳಾಗಿರುವುದು ಆಶ್ಚರ್ಯವೇ ಸರಿ.

ಕೊಠಡಿಯಿಂದ ಸೋಂಕುಗಾರನೊಬ್ಬ ಹೊರಟುಹೋದ ಮೇಲೆ ಏನಾಗುವುದೆಂಬುದನ್ನೂ ನೋಡೋಣ. ಗಂಟೆಗೆ ಒಂದು ಸಲ ಗಾಳಿ ಬದಲಾದರೆ ಒಂದು ಗಂಟೆಯ ಬಳಿಕ ತೇಲುವ ಕಣಗಳಲ್ಲಿ ಶೇಕಡಾ 63 ಮಾತ್ರ ಹೋಗಿರುತ್ತವೆ. ಹೊಸ ಗಾಳಿ ಹಳೆಯದರೊಡನೆ ಬೆರೆಯುತ್ತ ಹೋಗುವುದರಿಂದ ನೂರಕ್ಕೆ ನೂರೂ ಹೋಗುವುದಿಲ್ಲ. ಮೂರು ಸಲವಾದರೆ ಅಷ್ಟೇ ಕಣಗಳು ಇಪ್ಪತ್ತು ನಿಮಿಷದಲ್ಲಿ ಹೋಗುವುವು. ಒಂದು ಗಂಟೆಯಲ್ಲಿ ಶೇಕಡಾ 95.

ಕಿಟಕಿಯೇ ಇಲ್ಲದ ಕಡೆ ಶೋಧಕಗಳಿಂದ ಗಾಳಿಯನ್ನು ಸೋಸಬಹುದು. ಉತ್ತಮ ದರ್ಜೆಯ ‘ಹೆಪಾ’ ಶೋಧಕ 0.3 ಮೈಕ್ರಾನಿನ ಕಣಗಳಲ್ಲಿ ಶೇಕಡಾ 99.97ನ್ನು ಹಿಡಿಯುತ್ತದೆ. ಗಂಟೆಗೆ 570 ಘನ ಮೀಟರು ಗಾಳಿಯನ್ನು ಸೋಸುವ ಒಂದು ಪೆಟ್ಟಿಗೆಯನ್ನು ನಮ್ಮ ಕೊಠಡಿಯಲ್ಲಿಟ್ಟರೆ, ಕಣಗಳ ಮಟ್ಟಿಗೆ ಮೂರು ಸಲ ಗಾಳಿ ಬದಲಿಸಿದಂತೆಯೇ ಸರಿ. ಆದರೆ ಶೋಧಕ ಕಾರ್ಬನ್ ಡೈ ಆಕ್ಸೈಡನ್ನು ಹಿಡಿಯುವುದಿಲ್ಲವಾದುದರಿಂದ ಅಳತೆಯ ಯಂತ್ರ ಅದರ ಉಪಕಾರವನ್ನು ತೋರಿಸದು. ಇನ್ನೊಂದು ತೊಡಕು ಸದ್ದಿನದು. ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿ ಅದು ಪೂರ್ಣ ವೇಗದಲ್ಲಿ ತಿರುಗುವಾಗಿನದು. ಪಾಠ ಕೇಳಿಸಲೆಂದು ವೇಗ ತಗ್ಗಿಸಿದರೆ ಸೋಸುವ ಗಾಳಿಯೂ ತಗ್ಗುತ್ತದೆ.

ಇಷ್ಟು ತಿಳಿದ ಮೇಲೆ ಕೋಲಿನ ತುದಿಯ ಕಾಗದಕ್ಕೆ ಮರಳಬಹುದು. ಅದು ಅಲುಗಾಡಿತು, ಆದ್ದರಿಂದ ಗಾಳಿ ಚಲಿಸುತ್ತಿದೆ. ಯಾವ ದಿಕ್ಕಿಗೆಂಬುದನ್ನೂ ಅದು ಹೇಳೀತು. ಗಂಟೆಗೆ ಅರ್ಧ ಸಲವೋ ನಾಲ್ಕು ಸಲವೋ ಎಂಬುದನ್ನು ಮಾತ್ರ ಅದು ಹೇಳಲಾರದು; ಅದಕ್ಕೆ ವಾಯುವೇಗಮಾಪಕ ಬೇಕು. ಕೆಟ್ಟುನಿಂತ ಪಂಖಗಳನ್ನು ಬೇಗನೆ ಗುರುತಿಸಲು ಕಾಗದದ ಉಪಾಯ ಕೆಟ್ಟದ್ದಲ್ಲ. ಕೊಠಡಿ ಸುರಕ್ಷಿತವೆಂದು ಸರ್ಟಿಫಿಕೇಟು ಕೊಡಲು ಅದು ಸಾಲದು. ಸಂಘದ ಸಿಟ್ಟಿನಲ್ಲಿ ವಿಜ್ಞಾನವಿತ್ತು.

ಒಪ್ಪಂದವೂ ಅದರ ವಿಪರ್ಯಾಸವೂ

ಸೆಪ್ಟೆಂಬರ್ 1ರಂದು ಸಂಘವೂ ಮೇಯರರೂ ಒಪ್ಪಂದಕ್ಕೆ ಬಂದರು. ಶಾಲೆಯ ಆರಂಭವನ್ನು ಮುಂದಕ್ಕೆ ಹಾಕಲಾಯಿತು. ಪ್ರತಿ ಶಾಲೆಯಲ್ಲಿ ತಿಂಗಳಿಗೊಮ್ಮೆ ಶೇಕಡಾ 10ರಿಂದ 20ರಷ್ಟು ವಿದ್ಯಾರ್ಥಿಗಳನ್ನೂ ಸಿಬ್ಬಂದಿಯನ್ನೂ ಪರೀಕ್ಷಿಸುವುದೆಂದಾಯಿತು. ನಗರವು ಕೊಠಡಿ ಕೊಠಡಿಯ ವಾಯುಸಂಚಾರದ ವರದಿಯನ್ನು ಜನರ ಮುಂದಿಟ್ಟಿತು. ಆ ಮೊದಲು ಯಾವ ತಂದೆತಾಯಿಯೂ ತನ್ನ ಮಗು ಕುಳಿತುಕೊಳ್ಳುವ ಕೊಠಡಿಯ ಪಂಖ ತಿರುಗುತ್ತದೆಯೇ ಎಂದು ಹೀಗೆ ಓದಿ ತಿಳಿಯುವಂತಿರಲಿಲ್ಲ. ನಮ್ಮ ದೃಷ್ಟಿಯಲ್ಲಿ ಒಪ್ಪಂದಕ್ಕೆ ಮುಖ ಮಾಡಿದ ಆ ದಿನಗಳ ದೊಡ್ಡ ಲಾಭ ಇದೇ.

ನ್ಯೂಯಾರ್ಕಿನ ಹಳೆಯ ಕಟ್ಟಡಗಳ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. 1891ರಿಂದ 1923ರವರೆಗೆ ನಗರದ ಶಾಲಾ ಕಟ್ಟಡಗಳ ಮೇಲ್ವಿಚಾರಕನಾಗಿದ್ದ ಸಿ. ಬಿ. ಜೆ. ಸ್ನೈಡರ್ ಎಂಬ ವಾಸ್ತುಶಿಲ್ಪಿ, ಇಕ್ಕಟ್ಟಾದ ನಿವೇಶನಗಳಲ್ಲಿಯೂ ಬೆಳಕು ಗಾಳಿಗಳು ಬರುವಂತೆ ಇಂಗ್ಲಿಷಿನ ‘ಎಚ್’ ಅಕ್ಷರದ ಆಕಾರದಲ್ಲಿ ಶಾಲೆಗಳನ್ನು ಕಟ್ಟಿ ಎತ್ತರವಾದ ಕಿಟಕಿಗಳನ್ನು ಇಡಿಸಿದ್ದನು. 1918ರ ಇನ್‌ಫ್ಲುಯೆಂಜಾದ ಕಾಲದಲ್ಲಿ ಅಮೆರಿಕದ ಬಹುತೇಕ ನಗರಗಳು ಶಾಲೆ ಮುಚ್ಚಿದರೂ ನ್ಯೂಯಾರ್ಕೂ ಷಿಕಾಗೋವೂ ತೆರೆದೇ ಇಟ್ಟುವು. ಇಕ್ಕಟ್ಟಾದ ಬಾಡಿಗೆ ಮನೆಗಳಿಗಿಂತ ಶಾಲೆಯೇ ಹೆಚ್ಚು ಗಾಳಿಯುಳ್ಳ ಸ್ಥಳ, ಅಲ್ಲಿ ಮಕ್ಕಳನ್ನು ದಿನವೂ ಪರೀಕ್ಷಿಸಬಹುದು ಎಂಬುದು ಆಗಿನ ನ್ಯೂಯಾರ್ಕ್ ಆರೋಗ್ಯಾಧಿಕಾರಿ ರಾಯಲ್ ಕೋಪ್‌ಲೆಂಡರ ವಾದ. ಗಾಳಿಯ ಬಲದ ಮೇಲೆ ಶಾಲೆ ತೆರೆಯುವ ಯೋಚನೆ ಆ ನಗರಕ್ಕೆ ಹೊಸದೇನೂ ಅಲ್ಲ. ಶತಮಾನದ ಬಳಿಕ ಆ ಕಿಟಕಿಗಳಲ್ಲಿ ಎಷ್ಟೋ ಬಣ್ಣ ಮೆತ್ತಿ ಅಂಟಿಹೋಗಿದ್ದುವು ಎಂಬುದು ಬೇರೆ ಮಾತು. (ಬಯಲಿನ ಪಾಠ ನಮ್ಮಲ್ಲಿಯೂ ನಡೆಯಿತು. 2020ರ ಆಗಸ್ಟಿನಲ್ಲಿ ಕರ್ನಾಟಕ ಸರಕಾರ ಆರಂಭಿಸಿದ ‘ವಿದ್ಯಾಗಮ’ದಲ್ಲಿ ಉಪಾಧ್ಯಾಯರು ದೇವಸ್ಥಾನದ ಜಗಲಿಯಲ್ಲಿ, ಮರದ ನೆರಳಿನಲ್ಲಿ ಪಾಠ ಹೇಳಿದರು. ಉಪಾಧ್ಯಾಯರಿಗೂ ಮಕ್ಕಳಿಗೂ ಸೋಂಕು ತಗುಲಿದ ವರದಿಗಳು ಬಂದ ಮೇಲೆ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು.)

ಒಪ್ಪಂದದ ಒಂದು ಅಂಶ ಮಾತ್ರ ವಿಪರೀತ ಫಲ ಕೊಟ್ಟಿತು. ನಗರದಲ್ಲಿ ಏಳು ದಿನಗಳ ಸರಾಸರಿಯಲ್ಲಿ ರೋಗಪರೀಕ್ಷೆಗೆ ಒಳಗಾದವರ ಪೈಕಿ ಶೇಕಡಾ 3ರಷ್ಟು ಮಂದಿಗೆ ಸೋಂಕು ಕಂಡರೆ ಎಲ್ಲ ಶಾಲೆಗಳನ್ನೂ ಮುಚ್ಚುವುದೆಂದು ಮೇಯರರೇ ಗೊತ್ತುಮಾಡಿದ್ದರು. ಸಂಘ ಅದನ್ನು ಬಿಗಿಯಾಗಿ ಹಿಡಿದಿತ್ತು. ನವೆಂಬರ್ 18ರಂದು ಆ ಅಂಕಿ ಬಂದಿತು, ಮರುದಿನ ಶಾಲೆಗಳು ಮುಚ್ಚಿದುವು. ಆದರೆ ಶಾಲೆಗಳೊಳಗೆ ನಡೆದ ಪರೀಕ್ಷೆಗಳಲ್ಲಿ ಸೋಂಕು ಕಂಡುಬಂದದ್ದು ಸಾವಿರಕ್ಕೆ ಎರಡರ ಆಸುಪಾಸು! ಅದೇ ವಾರ ಊರಿನ ಹೋಟೆಲುಗಳಲ್ಲಿ ಜನರು ಒಳಗೆ ಕುಳಿತು ಊಟ ಮಾಡುತ್ತಿದ್ದರು. ಅಳತೆ ಮಾಡಿದ್ದು ಸರಿ, ಅಳೆದ ಸ್ಥಳ ತಪ್ಪು. ಪ್ರಾಥಮಿಕ ಶಾಲೆಗಳು ಡಿಸೆಂಬರ್ 7ರಂದು ಮತ್ತೆ ತೆರೆದಾಗ ಈ ಶೇಕಡಾ 3ರ ನಿಯಮವನ್ನು ಕೈಬಿಡಲಾಯಿತು.

ಷಿಕಾಗೋ ನಗರದ ಕಥೆ

ನ್ಯೂಯಾರ್ಕಿನಲ್ಲಿ ಒಂದು ಚಳಿಗಾಲದೊಳಗೆ ಮುಗಿದ ವಾದ ಷಿಕಾಗೋ ನಗರದಲ್ಲಿ ಇನ್ನೂ ಕಟುವಾಯಿತು. ಅಲ್ಲಿಯ ಶಾಲೆಗಳು 2021ರ ಜನವರಿಯವರೆಗೂ ತೆರೆದಿರಲಿಲ್ಲ. ಆಡಳಿತವು ತರಗತಿಗಳಿಗಾಗಿ 20,000 ಶೋಧಕ ಪೆಟ್ಟಿಗೆಗಳನ್ನು ಕೊಂಡು, ಕಟ್ಟಡಗಳು ಸಿದ್ಧವಾಗಿವೆ ಎಂದಿತು. ಷಿಕಾಗೋ ಉಪಾಧ್ಯಾಯರ ಸಂಘ, ಲಸಿಕೆ ಬರುವವರೆಗೆ ಕಾಯಬೇಕೆಂದಿತು. ಜನವರಿ ಕೊನೆಯಲ್ಲಿ ಮತ ಹಾಕಿದ ಸದಸ್ಯರಲ್ಲಿ ಶೇಕಡಾ 71 ಮಂದಿ ಶಾಲೆಗೆ ಹೋಗದೆ ಮನೆಯಿಂದಲೇ ಪಾಠ ಮಾಡಲು ನಿರ್ಧರಿಸಿದರು.

ಇಲ್ಲಿ ಎರಡು ಪಕ್ಷಗಳ ವಾದಕ್ಕೂ ಆಧಾರಗಳಿದ್ದುವು. ಆಡಳಿತಕ್ಕೆ ಬೆಂಬಲವಾಗಿ ವಿಸ್ಕಾನ್‌ಸಿನ್ ಸಂಸ್ಥಾನದ ವುಡ್ ಕೌಂಟಿಯ ವರದಿ ಅದೇ ತಿಂಗಳು ಹೊರಬಂದಿತು. ಅಲ್ಲಿಯ 17 ಶಾಲೆಗಳಲ್ಲಿ 4,876 ವಿದ್ಯಾರ್ಥಿಗಳೂ 654 ಮಂದಿ ಸಿಬ್ಬಂದಿಯೂ ಇದ್ದರು. ಎಲ್ಲರೂ ಮಾಸ್ಕು ಧರಿಸಬೇಕೆಂಬ ನಿಯಮವಿತ್ತು. ಹದಿಮೂರು ವಾರಗಳಲ್ಲಿ 191 ಮಂದಿಗೆ ಸೋಂಕು ಕಂಡಿತು. ಅದರಲ್ಲಿ ಶಾಲೆಯೊಳಗೇ ತಗುಲಿದ್ದೆಂದು ಪತ್ತೆಯಾದದ್ದು ಏಳು ಮಾತ್ರ, ಏಳೂ ಮಕ್ಕಳವು. ಎಂದಮೇಲೆ ಎಚ್ಚರಿಕೆಗಳಿದ್ದರೆ ಶಾಲೆ ಊರಿಗಿಂತ ಅಪಾಯದ ಸ್ಥಳವಲ್ಲ.

ಉಪಾಧ್ಯಾಯರು ಕೇಳಿದ ಮರುಪ್ರಶ್ನೆ ಇಷ್ಟೆ: ಆ ಎಚ್ಚರಿಕೆಗಳು ನಮ್ಮ ಕಟ್ಟಡದಲ್ಲಿ ಇವೆಯೆ? ಅಮೆರಿಕದ ಸರಕಾರದ ಲೆಕ್ಕಪರಿಶೋಧನ ಕಚೇರಿಯೇ 2020ರ ಜೂನಿನಲ್ಲಿ, ದೇಶದ ಶಾಲಾ ಜಿಲ್ಲೆಗಳಲ್ಲಿ ಶೇಕಡಾ 41ರಷ್ಟಕ್ಕೆ ತಮ್ಮ ಅರ್ಧಕ್ಕಿಂತ ಕಡಿಮೆಯಿಲ್ಲದ ಶಾಲೆಗಳಲ್ಲಿ ಗಾಳಿ-ಶಾಖದ ಯಂತ್ರಗಳನ್ನು ಬದಲಿಸುವ ಅಥವಾ ಸುಧಾರಿಸುವ ಅಗತ್ಯವಿದೆಯೆಂದು ಹೇಳಿತ್ತು. ಸುಮಾರು 36,000 ಶಾಲೆಗಳ ಸ್ಥಿತಿ ಹಾಗಿತ್ತು. ಇದಲ್ಲದೆ ಅಪಾಯ ಎಲ್ಲರಿಗೂ ಒಂದೇ ಆಗಿರಲಿಲ್ಲ. ಈ ರೋಗದಲ್ಲಿ ಸಾವಿನ ಸಂಭವ ವಯಸ್ಸಿನೊಡನೆ ಕಡಿದಾಗಿ ಏರುತ್ತದೆ. ತರಗತಿಯ ಒಂದೇ ಗಾಳಿಯನ್ನು ಉಸಿರಾಡುವ ಹತ್ತು ವರ್ಷದ ಬಾಲಕನಿಗೂ ಐವತ್ತೆಂಟು ವರ್ಷದ ಉಪಾಧ್ಯಾಯಿನಿಗೂ ಫಲ ಬೇರೆ. ತಂದೆತಾಯಿಗಳಲ್ಲಿಯೂ ಎಲ್ಲರೂ ಆಡಳಿತದ ಮಾತನ್ನು ನಂಬಲಿಲ್ಲ. ಶಾಲೆಗೆ ಕಳುಹಿಸುವಿರಾ ಎಂದು ಕೇಳಿದಾಗ ಒಪ್ಪಿದವರು ಮೂರರಲ್ಲಿ ಒಂದು ಪಾಲಿನ ಆಸುಪಾಸು. ರೋಗದಿಂದ ಹೆಚ್ಚು ನೊಂದಿದ್ದ ಕರಿಯರ ಮತ್ತು ಲ್ಯಾಟಿನ್ ಮೂಲದವರ ಮನೆಗಳಲ್ಲಿ ಹಿಂಜರಿಕೆ ಹೆಚ್ಚು.

ಫೆಬ್ರುವರಿಯಲ್ಲಿ 13,681 ಮಂದಿ ಪರವಾಗಿಯೂ 6,585 ಮಂದಿ ವಿರುದ್ಧವಾಗಿಯೂ ಮತ ಹಾಕಿ ಒಪ್ಪಂದ ಸ್ಥಿರವಾಯಿತು. ಉಪಾಧ್ಯಾಯರಿಗೆ ವಾರವಾರವೂ ಇಂತಿಷ್ಟು ಲಸಿಕೆ, ಹಂತಹಂತವಾಗಿ ತರಗತಿಗಳ ಆರಂಭ, ಸೋಂಕು ಏರಿದರೆ ನಿಲುಗಡೆ; ಇವು ಅದರ ಮುಖ್ಯಾಂಶಗಳು.

ಸಂಘಗಳ ಪಾತ್ರವನ್ನು ಕಟುವಾಗಿ ಟೀಕಿಸಿದವರೂ ಇದ್ದಾರೆ; ಅವರ ಮಾತನ್ನೂ ಕೇಳಬೇಕು. ಮೈಕೇಲ್ ಹಾರ್ಟ್‌ನಿ ಮತ್ತು ಲೆಸ್ಲಿ ಫಿಂಗರ್ ಎಂಬ ರಾಜ್ಯಶಾಸ್ತ್ರಜ್ಞರು ಪರಿಶೀಲಿಸಿದಾಗ, 2020ರಲ್ಲಿ ಯಾವ ಜಿಲ್ಲೆ ಶಾಲೆ ತೆರೆಯಿತು, ಯಾವುದು ತೆರೆಯಲಿಲ್ಲ ಎಂಬುದು ಅಲ್ಲಿಯ ರೋಗದ ಪ್ರಮಾಣಕ್ಕಿಂತ ಹೆಚ್ಚಾಗಿ ಅಲ್ಲಿಯ ಪಕ್ಷರಾಜಕೀಯವನ್ನೂ ಸಂಘದ ಬಲವನ್ನೂ ಅನುಸರಿಸಿತ್ತು. ಮುಚ್ಚಿದ ಶಾಲೆಯ ಬೆಲೆಯೂ ಸಣ್ಣದಲ್ಲ. 2022ರಲ್ಲಿ ಅಮೆರಿಕದ ಒಂಬತ್ತು ವರ್ಷದ ಮಕ್ಕಳಿಗೆ ನಡೆದ ರಾಷ್ಟ್ರೀಯ ಪರೀಕ್ಷೆಯಲ್ಲಿ 2020ಕ್ಕಿಂತ ಓದಿನಲ್ಲಿ 5 ಅಂಕ, ಗಣಿತದಲ್ಲಿ 7 ಅಂಕ ಇಳಿದಿದ್ದುವು. ಆ ಪರೀಕ್ಷೆಯ ಇತಿಹಾಸದಲ್ಲಿ ಈ ವಯಸ್ಸಿನ ಮಕ್ಕಳ ಗಣಿತದ ಸರಾಸರಿ ಇಳಿದದ್ದು ಅದೇ ಮೊದಲು. ಮೊದಲೇ ಹಿಂದಿದ್ದ ಮಕ್ಕಳೇ ಹೆಚ್ಚು ಕುಸಿದರು. ಗಾಳಿಯನ್ನು ಅಳೆಯಿರಿ ಎಂಬ ಬೇಡಿಕೆ ಬೇರೆ, ಏನು ಅಳೆದರೂ ಸಾಲದು ಎಂಬ ನಿಲುವು ಬೇರೆ. ಸಂಘಗಳು ಮೊದಲನೆಯದನ್ನು ಹಿಡಿದಾಗ ಗೆದ್ದುದು ಶಾಲೆ. ಎರಡನೆಯದಕ್ಕೆ ಜಾರಿದಾಗ ಸೋತವರು ಮಕ್ಕಳು. ಹಾಗೆಯೇ ಆಡಳಿತಗಳು ರಾತ್ರಿಯೆಲ್ಲ ಮೇಜು ಕುರ್ಚಿಗಳಿಗೆ ಔಷಧ ಸಿಂಪಡಿಸಿ ವೆಚ್ಚ ಮಾಡಿದ್ದು ಬಹಳ. ಒಂದು ಸಲ ಸೋಂಕಿನ ವಸ್ತುವನ್ನು ಮುಟ್ಟಿದರೆ ರೋಗ ಬರುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆಯೆಂದು ರೋಗನಿಯಂತ್ರಣ ಕೇಂದ್ರವೇ 2021ರ ಏಪ್ರಿಲಿನಲ್ಲಿ ಹೇಳಿತು.

ಅದೇ ವರ್ಷ ಜಾರ್ಜಿಯ ಸಂಸ್ಥಾನದ 169 ಪ್ರಾಥಮಿಕ ಶಾಲೆಗಳ ಅಧ್ಯಯನ ಪ್ರಕಟವಾಯಿತು. ವಾಯುಸಂಚಾರವನ್ನು ಸುಧಾರಿಸಿದ ಶಾಲೆಗಳಲ್ಲಿ ಸೋಂಕು ಇತರ ಶಾಲೆಗಳಿಗಿಂತ ಶೇಕಡಾ 39 ಕಡಿಮೆ. ಕಿಟಕಿ ಬಾಗಿಲು ಪಂಖಗಳನ್ನಷ್ಟೇ ನಂಬಿದ ಕಡೆ ಶೇಕಡಾ 35, ಅದರೊಡನೆ ಶೋಧಕವನ್ನೂ ಬಳಸಿದ ಕಡೆ ಶೇಕಡಾ 48. ಇಂತಹ ಅಧ್ಯಯನದಿಂದ ಗಾಳಿಯೊಂದೇ ಕಾರಣವೆಂದು ಸಾಧಿಸಲಾಗದು. ಪಂಖ ರಿಪೇರಿ ಮಾಡಿಸುವ ಶಾಲೆ ಬೇರೆ ವಿಷಯಗಳಲ್ಲಿಯೂ ಜಾಗರೂಕವಾಗಿರಬಹುದು. ಆದರೂ ದಿಕ್ಕು ಸ್ಪಷ್ಟವಾಗಿದೆ.

ಗಾಳಿಗೂ ಮಿತಿಯುಂಟೆಂಬುದಕ್ಕೆ ಕ್ಯಾಲಿಫೋರ್ನಿಯದ ಮರಿನ್ ಕೌಂಟಿಯ ತರಗತಿಯೊಂದು ನಿದರ್ಶನ. 2021ರ ಮೇ ತಿಂಗಳಲ್ಲಿ ಲಸಿಕೆ ಪಡೆಯದ ಉಪಾಧ್ಯಾಯರೊಬ್ಬರು, ರೋಗಲಕ್ಷಣ ಕಂಡ ಮೇಲೂ ಎರಡು ದಿನ ಪಾಠ ಮಾಡಿದರು. ಗಟ್ಟಿಯಾಗಿ ಓದಿ ಹೇಳುವಾಗ ಆಗಾಗ ಮಾಸ್ಕನ್ನು ತೆಗೆಯುತ್ತಿದ್ದರು. ಕಿಟಕಿ ಬಾಗಿಲುಗಳು ತೆರೆದಿದ್ದುವು, ಶೋಧಕವೂ ಇತ್ತು. ಆದರೂ ಮುಂದಿನ ಎರಡು ಸಾಲುಗಳ 10 ಮಕ್ಕಳಲ್ಲಿ 8 ಮಂದಿಗೂ ಹಿಂದಿನ ಮೂರು ಸಾಲುಗಳ 14 ಮಕ್ಕಳಲ್ಲಿ 4 ಮಂದಿಗೂ ಸೋಂಕು ತಗುಲಿತು. ಬಾಯಿಯ ಎದುರಿನ ಗಾಳಿ ಕೊಠಡಿಯ ಸರಾಸರಿ ಗಾಳಿಯಲ್ಲ. ಅದು ಬೆರೆಯುವ ಮೊದಲೇ ಮುಂದಿನ ಸಾಲನ್ನು ಮುಟ್ಟಿತು.

ಷಿಕಾಗೋದಲ್ಲಿ 2022ರ ಜನವರಿಯಲ್ಲಿ ವಿವಾದ ಮತ್ತೆ ಭುಗಿಲೆದ್ದಾಗ ಎಡವಿದ್ದು ಗಾಳಿಯಲ್ಲಲ್ಲ, ರೋಗಪರೀಕ್ಷೆಯಲ್ಲಿ. ಒಮಿಕ್ರಾನ್ ಹಬ್ಬುತ್ತಿದ್ದ ಕಾಲ. ರಜೆಯಲ್ಲಿ ಮಕ್ಕಳು ಮನೆಯಲ್ಲೇ ಮಾದರಿ ತೆಗೆದು ಕಳುಹಿಸಲೆಂದು ಆಡಳಿತ ಸುಮಾರು 1,50,000 ಪರೀಕ್ಷಾ ಪೆಟ್ಟಿಗೆಗಳನ್ನು ಹಂಚಿತು. ಲೆಕ್ಕಕ್ಕೆ ಬಂದ ಸುಮಾರು 35,000 ಪರೀಕ್ಷೆಗಳಲ್ಲಿ ಮೂರರಲ್ಲಿ ಎರಡು ಪಾಲು ಫಲಿತಾಂಶ ಕೊಡದೆ ಅಸಿಂಧುವಾದುವು. ಉಪಾಧ್ಯಾಯರಲ್ಲಿ ಶೇಕಡಾ 73 ಮಂದಿ ಮತ್ತೆ ಮನೆಪಾಠಕ್ಕೆ ಮತ ಹಾಕಿದರು. ಆಡಳಿತ ಐದು ದಿನ ಪಾಠಗಳನ್ನೇ ರದ್ದುಪಡಿಸಿತು. ಜನವರಿ 12ರಂದು ಮಕ್ಕಳು ಹಿಂದಿರುಗಿದರು.

ಅಮೆರಿಕದ ರೋಗನಿಯಂತ್ರಣ ಕೇಂದ್ರವು 2023ರ ಮೇ ತಿಂಗಳಲ್ಲಿ, ಜನರು ಸೇರುವ ಕೊಠಡಿಗಳಲ್ಲಿ ಗಂಟೆಗೆ ಐದು ಸಲವಾದರೂ ಶುದ್ಧ ಗಾಳಿ ಬರುವಂತಿರಬೇಕೆಂಬ ಗುರಿಯನ್ನು ಮೊದಲ ಬಾರಿಗೆ ಅಂಕಿಯಲ್ಲಿ ಹೇಳಿತು. ಶಾಲೆಗಳ ಚೇತರಿಕೆಗೆಂದು ಅಲ್ಲಿಯ ಸರಕಾರ 2021ರಲ್ಲಿ ಕೊಟ್ಟ 122 ಶತಕೋಟಿ ಡಾಲರುಗಳಲ್ಲಿ ಒಂದಂಶ ಪಂಖ ಶೋಧಕಗಳಿಗೆ ಹೋಯಿತು. ಆ ಹಣವನ್ನು ಗೊತ್ತುಪಡಿಸುವ ಗಡುವು 2024ರ ಸೆಪ್ಟೆಂಬರಿಗೆ ಮುಗಿಯಿತು. ಶೋಧಕಗಳನ್ನು ಕಾಲಕಾಲಕ್ಕೆ ಬದಲಿಸುವ ಖರ್ಚು ಮಾತ್ರ ಶಾಲೆಗಳ ಪಾಲಿಗೆ ಉಳಿದಿದೆ. ಬಾಸ್ಟನ್ ನಗರ ತನ್ನ ಶಾಲೆಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕಡೆ ಗಾಳಿಯನ್ನು ಅಳೆಯುವ ಯಂತ್ರಗಳನ್ನು ಕೂರಿಸಿ, ಕೊಠಡಿ ಕೊಠಡಿಯ ಕಾರ್ಬನ್ ಡೈ ಆಕ್ಸೈಡಿನ ಅಂಕಿಯನ್ನು ಯಾರು ಬೇಕಾದರೂ ನೋಡುವಂತೆ ಬಹಿರಂಗಪಡಿಸಿತು. ಅಂತಹ ಯಂತ್ರವೊಂದು ಕೈಗೆ ಸಿಕ್ಕ ವಿದ್ಯಾರ್ಥಿ, ಬೆಳಗ್ಗೆ ಖಾಲಿ ತರಗತಿಯಲ್ಲಿ ಒಂದು ಸಲ, ಪಾಠದ ಕೊನೆಯಲ್ಲಿ ಒಂದು ಸಲ, ಎದುರುಬದುರಿನ ಎರಡು ಕಿಟಕಿಗಳನ್ನು ತೆರೆದ ಹತ್ತು ನಿಮಿಷಗಳ ಬಳಿಕ ಇನ್ನೊಂದು ಸಲ ಅಂಕಿಯನ್ನು ಬರೆದುಕೊಂಡರೆ, ಮೇಲಿನ ಲೆಕ್ಕವನ್ನು ಹಿಂದಿನಿಂದ ಮಾಡಿ ತನ್ನ ಕೊಠಡಿಯ ಗಾಳಿ ಗಂಟೆಗೆ ಎಷ್ಟು ಸಲ ಬದಲಾಗುವುದೆಂದು ಹೇಳಬಲ್ಲನು.